ಜಾಝ್ ಕಲಾವಿದ ರುದ್ರೇಶ್ ಮಹಂತಪ್ಪ ಅವರ ‘ಬರ್ಡ್ ಕಾಲ್ಸ್’ ಆಲ್ಬಮ್ ಹಿಂದಿನ ತಲೆಮಾರಿನ ಜಾಝ್ ಸ್ಯಾಕ್ಸೊಫೋನ್ ದಿಗ್ಗಜ ಚಾರ್ಲಿ ಪಾರ್ಕರ್‌ಗೆ ಗೌರವ ಅಂತಾರೆ. ಆದರೆ ಪಾರ್ಕರ್ ಟ್ಯೂನ್‌ಗಳೇ ಕೇಳಿಸಲ್ಲವಲ್ಲ?

ಇವೆ, ಆದರೆ ಚೂರುಚೂರಾಗಿ. 2015ರ ಈ ಆಲ್ಬಮ್‌ನಲ್ಲಿ ಪಾರ್ಕರ್ ಟ್ಯೂನ್‌ಗಳು ಇದ್ದ ಹಾಗೇ ಬರುವುದಿಲ್ಲ. ಸ್ಯಾಕ್ಸೊಫೋನ್ ನುಡಿಸುವ ಮಹಂತಪ್ಪ ಒಂದೊಂದರಿಂದ ಒಂದು ಎಳೆ ಹಿಡಿದು ಹೊಸದು ಕಟ್ಟಿದ್ದಾರೆ. ‘ಮೇಬಿ ಲೇಟರ್’ ಕೇಳಿ. ಅದರಲ್ಲಿ ಪಾರ್ಕರ್ ಅವರ ‘ನೌಸ್ ದ ಟೈಮ್’ನ ಸೋಲೋದ (ಒಬ್ಬರೇ ಮುಂದೆ ಬಂದು ನುಡಿಸುವ ಭಾಗದ) ಲಯ ಉಳಿದಿದೆ, ಸ್ವರಗಳು ಬೇರೆ. ಹೆಸರಲ್ಲೂ ತಮಾಷೆ ಇದೆ. ‘ಇದೇ ಸಮಯ’ ಅಂದವರಿಗೆ ‘ಆಮೇಲೆ ನೋಡೋಣ’ ಅಂದ ಹಾಗೆ, ಅಲ್ವಾ?

ಇದೇನು ಹೊಸ ಚಾಳಿ ಅಲ್ಲ. ಪಾರ್ಕರ್ ಕಾಲದ ವೇಗದ ಜಾಝ್ ಶೈಲಿಯಾದ ಬೀಬಾಪ್‌ನವರೂ ಹೀಗೇ ಮಾಡುತ್ತಿದ್ದರು. 1947ರಲ್ಲಿ ಪಾರ್ಕರ್ ರೆಕಾರ್ಡ್ ಮಾಡಿದ ‘ಡೊನಾ ಲೀ’ ನಿಂತಿರುವುದು ‘ಇಂಡಿಯಾನಾ’ ಎಂಬ ಹಳೇ ಹಾಡಿನ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಮೇಲೆ.

ಹಾಗಾಗಿ ಮೊದಲು ಪಾರ್ಕರ್ ಮೂಲವನ್ನು ಮೂರ್ನಾಲ್ಕು ಸಲ ಕೇಳಿ, ಬಾಯಲ್ಲಿ ಗುನುಗುವಷ್ಟು. ಆಮೇಲೆ ಇದಕ್ಕೆ ಬನ್ನಿ. ಟ್ಯೂನ್ ಹುಡುಕಬೇಡಿ. ಸುಮ್ನೆ ಆಡಮ್ ಒಫಾರಿಲ್ ಅವರ ಟ್ರಂಪೆಟ್, ಸ್ಯಾಕ್ಸ್ ಜೋಡಿಯಾಗಿ ಓಡುವುದನ್ನು ಹಿಂಬಾಲಿಸಿ. ಕೆಳಗೆ ರೂಡಿ ರಾಯ್‌ಸ್ಟನ್ ಅವರ ಡ್ರಮ್ಸ್ ಒಂದು ಕಡೆ ನಿಲ್ಲುವುದೇ ಇಲ್ಲ. ನನಗೆ ಜಾಸ್ತಿ ಹಿಡಿಸಿದ್ದು ಅದೇ.

ಅಂದ ಹಾಗೆ, ಇದೇ ಮಹಂತಪ್ಪ 2008ರ ‘ಕಿನ್ಸ್‌ಮೆನ್’ನಲ್ಲಿ ನಮ್ಮ ಕದ್ರಿ ಗೋಪಾಲನಾಥ್ ಜೊತೆ ನುಡಿಸಿದ್ದಾರೆ. ಜಾಝ್ ಹೊಸದು ಅನ್ನುವವರು ಅಲ್ಲಿಂದ ಶುರು ಮಾಡಿದರೂ ಆದೀತು.