ಪ್ರಯಾಣದ ಎಡವಟ್ಟುಗಳು ಆಮೇಲೆ ನಗು ತರಿಸುವುದೇಕೆ? ಅವನ್ನು ಕತೆಯಾಗಿ ಹೇಳುವುದು ಹೇಗೆ?

ಆಗ ಬೆವರಿಳಿಸಿದ್ದು ಈಗ ಏನೂ ಮಾಡಲಾರದು ಅನ್ನುವುದು ಖಾತ್ರಿಯಾದ ಮೇಲೆಯೇ ನಗು ಬರುವುದು. ನಗು ಯಾಕೆ ಬರುತ್ತದೆ ಎಂದು ಸಂಶೋಧನೆ ಮಾಡಿದ ಪೀಟರ್ ಮೆಕ್‌ಗ್ರಾ ಮತ್ತು ಕೇಲಬ್ ವಾರೆನ್ 2010ರಲ್ಲಿ ಮಂಡಿಸಿದ ವಾದವೂ ಹೆಚ್ಚುಕಮ್ಮಿ ಇದೇ: ಏನೋ ತಪ್ಪಾಗಿರಬೇಕು, ಆದರೆ ಅಪಾಯವಿರಬಾರದು. ಹಾಗಾಗಿ ಪಾಸ್‌ಪೋರ್ಟ್ ಕಳೆದ ದಿನವೇ ಅದನ್ನು ಜೋಕ್ ಮಾಡಲು ಹೋಗಬೇಡಿ.

"ಬ್ಯಾಗ್ ಅದಲುಬದಲಾಯ್ತು" ಅಂದರೆ ಅದು ಬರೀ ದೂರು. ಅದನ್ನೇ ಹೀಗೆ ಹೇಳಿ: ರೂಮಿಗೆ ಬಂದು ಜಿಪ್ ಎಳೆದರೆ ಮೇಲೆಯೇ ಯಾರದೋ ಮಗುವಿನ ಫ್ರಾಕು, ಅದರಡಿ ಒಂಟಿ ಚಪ್ಪಲಿ, ಬೆಳಿಗ್ಗೆ ಒಂಬತ್ತಕ್ಕೆ ಮೀಟಿಂಗು. ಇಷ್ಟು ಸಾಕು, ಮುಂದಿನದನ್ನು ಕೇಳುವವರೇ ಊಹಿಸಿಕೊಂಡು ನಗುತ್ತಾರೆ. ಕೌಂಟರಿನವರನ್ನು ಬೈಯುತ್ತ ಕೂತರೆ ಕತೆ ಕೆಟ್ಟಿತು. ಪೇಚಿಗೆ ಸಿಕ್ಕವರು ನೀವೇ ಆಗಿರಬೇಕು. ಜೊತೆಗಿದ್ದವರ ಎಡವಟ್ಟಾದರೆ ಮೊದಲು ಅವರನ್ನೊಂದು ಮಾತು ಕೇಳಿ. ಸ್ವಲ್ಪ ಉಪ್ಪುಖಾರ ಹಚ್ಚಿದರೆ ಯಾರೂ ಕೇಸು ಹಾಕುವುದಿಲ್ಲ ಬಿಡಿ.