ರೊಟ್ಟಿ ಉದ್ಯೋಗ ಬಂದ್ ಮಾಡಲೇ, ಸಾಲ ಮಾಡಿ ಬೆಳೆಸಲೇ?

ಪ್ರಶ್ನೆ: ನನಗೆ 42 ವರ್ಷ. ಹುಬ್ಬಳ್ಳಿಯಲ್ಲಿ ಮನೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುತ್ತೇನೆ. ಒಂಬತ್ತು ವರ್ಷದ ಹಿಂದೆ ಒಬ್ಬಳೇ ಶುರು ಮಾಡಿದ್ದು, ಈಗ ಏಳು ಹೆಣ್ಣುಮಕ್ಕಳು ಕೆಲಸಕ್ಕೆ ಬರುತ್ತಾರೆ. ಪತಿ ಬಸ್ ಕಂಡಕ್ಟರ್. ಅತ್ತೆ ನಮ್ಮ ಜೊತೆಗಿದ್ದಾರೆ. ಮಗಳು ಹತ್ತನೇ ತರಗತಿ, ಮಗ ಆರನೇ. ನಸುಕಿನ ನಾಲ್ಕೂವರೆಗೆ ಎದ್ದರೆ ರಾತ್ರಿ ಹನ್ನೊಂದರವರೆಗೂ ಆರ್ಡರ್, ಪ್ಯಾಕಿಂಗ್, ಫೋನ್.

ಕಳೆದ ತಿಂಗಳು ಮಗಳಿಗೆ ಶಾಲೆಯಲ್ಲಿ ಜ್ವರ ಬಂದು ತಲೆ ಸುತ್ತಿದೆ. ಶಾಲೆಯವರು ನನಗೆ ಮೂರು ಸಲ ಫೋನ್ ಮಾಡಿದ್ದಾರೆ. ಆವತ್ತು ದೊಡ್ಡದೊಂದು ಮದುವೆ ಆರ್ಡರ್ ಇತ್ತು, ಗಿರಾಕಿಗಳ ಕರೆಗಳ ನಡುವೆ ಆ ನಂಬರ್ ನೋಡಲೇ ಇಲ್ಲ. ಓಣಿಯವರೊಬ್ಬರು ಅವಳನ್ನು ಮನೆಗೆ ಕರೆತಂದರು. ನಾನು ಹಿತ್ತಲಲ್ಲಿ ಒಲೆ ಮುಂದೆಯೇ ಇದ್ದೆ. 'ಅವ್ವಗ ಹೇಳಬ್ಯಾಡ, ಆಕಿಗೆ ಆರ್ಡರ್ ಅದಾವ' ಎಂದು ಅಜ್ಜಿಗೆ ಹೇಳಿ ಮಗಳು ಮಲಗಿಬಿಟ್ಟಳಂತೆ. ನನಗೆ ಗೊತ್ತಾಗಿದ್ದು ಸಂಜೆ.

ಈಗ ಬೆಂಗಳೂರಿನ ಅಂಗಡಿಯೊಂದು ದಿನಕ್ಕೆ ಎರಡು ಸಾವಿರ ರೊಟ್ಟಿ ಕೇಳುತ್ತಿದೆ. ನಾವು ಈಗ ಮಾಡುವುದು ಎಂಟುನೂರರ ಆಸುಪಾಸು. ಶೆಡ್, ಯಂತ್ರ ಸೇರಿ 12 ಲಕ್ಷ ಸಾಲ ಬೇಕಾಗುತ್ತದೆ. ಸರ್ಕಾರದ ಸಹಾಯಧನ ಸಿಗುತ್ತದೆ ಎನ್ನುತ್ತಾರೆ. ಅಂಗಡಿಯವರು ಹಣ ಕೊಡುವುದು ಎರಡು ತಿಂಗಳು ಬಿಟ್ಟು. ಪತಿ, 'ಗಳಿಸಿದ್ದು ಸಾಕು, ಬಂದ್ ಮಾಡು' ಎನ್ನುತ್ತಿದ್ದಾರೆ. ಇದನ್ನೆಲ್ಲ ನಾನು ಮಾಡುತ್ತಿರುವುದು ಮಕ್ಕಳಿಗಾಗಿಯೇ. ನಾನೇನು ಮಾಡಲಿ?
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಸಹೋದರಿ, ಬಂದ್ ಮಾಡಬೇಡಿ. ಈ ವರ್ಷ ಸಾಲವನ್ನೂ ಮಾಡಬೇಡಿ.

ನಿಮ್ಮ ಪತ್ರ ದೊಡ್ಡದಿತ್ತು, ಇಲ್ಲಿ ಚಿಕ್ಕದು ಮಾಡಿ ಕೊಟ್ಟಿದ್ದೇನೆ. ಬಿಟ್ಟಿರುವ ಭಾಗದಲ್ಲಿ ಒಂದು ಪುಟ ಪೂರ್ತಿ ಜೋಳದ ಬಗ್ಗೆಯೇ ಇದೆ. ವಿಜಯಪುರದ ಕಡೆಯಿಂದ ಬಿಳಿಜೋಳ ತರಿಸುವುದು, ಹಿಟ್ಟು ಹಳತಾದರೆ ಜಿಗಿ ಹೋಗಿ ಬಡಿಯುವಾಗ ಅಂಚು ಬಿರಿಯುವುದು, ಎಸರಿನ ಹದ ಕೈಗೇ ತಿಳಿಯುವುದು, ಹೊಸದಾಗಿ ಬಂದ ಹುಡುಗಿಗೆ ರೊಟ್ಟಿ ತೆಳ್ಳಗೆ ಬಡಿಯಲು ಕಲಿಸಿದ್ದು. ಆ ಪುಟದಲ್ಲಿ ನಿಮ್ಮ ದಣಿವು ಎಲ್ಲೂ ಕಾಣುವುದಿಲ್ಲ. ಅದಾದ ಮೇಲೆ, ಯಾರೋ ತಪ್ಪು ಹಿಡಿದವರಂತೆ, 'ಎಲ್ಲ ಮಕ್ಕಳಿಗಾಗಿ' ಎಂದು ಬರೆದಿದ್ದೀರಿ.

ನನಗೆ ಆ ಮೊದಲಿನ ಪುಟವೇ ನಿಜ ಅನ್ನಿಸಿತು. ಈ ಕೆಲಸ ನಿಮಗೆ ಇಷ್ಟ. ಅದರಲ್ಲಿ ನೀವು ಗಟ್ಟಿಗರು. ನಾಲ್ಕು ಜನ ನಿಮ್ಮ ಹೆಸರು ಹಿಡಿದು ರೊಟ್ಟಿ ಕೇಳಿಕೊಂಡು ಬರುವುದು ನಿಮಗೆ ಖುಷಿ ಕೊಡುತ್ತದೆ. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಮನೆಯಲ್ಲಿ ಎಲ್ಲರ ಮುಂದೆ ಇದನ್ನು ಹೇಳಿ: ನನಗೆ ಈ ಉದ್ಯೋಗ ಬೇಕು, ನನ್ನ ಸಲುವಾಗಿ ಬೇಕು ಎಂದು. ಹಾಗೆ ಹೇಳಿದ ಮೇಲೆ ಮನೆಯವರಿಗೂ ಬಾಯಿ ಬರುತ್ತದೆ. 'ನಿನ್ನ ಇಷ್ಟಕ್ಕೆ ನಾವು ಇಷ್ಟು ಬಿಟ್ಟುಕೊಡುತ್ತೇವೆ, ನೀನು ನಮಗೆ ಇಷ್ಟು ಕೊಡು' ಎಂದು ಅವರು ಕೇಳಬಹುದು. ಮಕ್ಕಳಿಗಾಗಿ ಮಾಡಿದ ತ್ಯಾಗ ಎಂದುಬಿಟ್ಟರೆ ಯಾರೂ ಏನೂ ಕೇಳುವಂತಿಲ್ಲ, ನಿಮಗೂ ನಿಲ್ಲಿಸುವ ಜಾಗ ಸಿಗುವುದಿಲ್ಲ. ಮಕ್ಕಳ ತಲೆಯ ಮೇಲೆ ಅವರು ಮಾಡದ ಸಾಲವೊಂದು ಕೂರುತ್ತದೆ.

ನಿಮ್ಮ ಮಗಳು ಆವತ್ತು ಆ ಸಾಲವನ್ನೇ ತೀರಿಸಿದ್ದಾಳೆ. ಅವಳ ಮಾತಿನಲ್ಲಿ ನಿಮಗೆ ಕೇಳಿಸಿದ್ದು ಆಪಾದನೆ. ನನಗೆ ಕೇಳಿಸಿದ್ದು ಅಕ್ಕರೆ. ಮೈ ಸುಡುತ್ತಿದ್ದರೂ ಅವ್ವನ ಕೆಲಸ ಕೆಡಬಾರದು ಎಂದು ಯೋಚಿಸುವ ಹುಡುಗಿ ಅವಳು. ಸಂಕಟದ ಸಂಗತಿಯೂ ಅದೇ. ತನ್ನ ಜ್ವರ ಆರ್ಡರಿಗಿಂತ ಚಿಕ್ಕದು ಎಂದು ಅವಳೇ ತೂಗಿ ನೋಡಿಬಿಟ್ಟಿದ್ದಾಳೆ. ಈ ತೂಕ ಹದಿನೈದನೇ ವಯಸ್ಸಿಗೆ ರೂಢಿಯಾದರೆ ಮುಂದೆ ಹೊಟ್ಟೆಯೊಳಗಿನ ಮಾತು ಯಾವುದನ್ನೂ ಅವಳು ನಿಮ್ಮ ಮುಂದೆ ತರುವುದಿಲ್ಲ. ಅವಳ ಹತ್ತಿರ ಕೂತು ಒಂದೇ ಸಲ ಹೇಳಿ: ಆವತ್ತು ಫೋನ್ ನೋಡದೇ ಇದ್ದದ್ದು ನನ್ನ ತಪ್ಪು, ನಿನಗೆ ಮೈ ಸರಿ ಇಲ್ಲದಾಗ ಯಾವ ಆರ್ಡರೂ ದೊಡ್ಡದಲ್ಲ, ನೀನು ನನ್ನನ್ನು ಕರೆಯಬೇಕು. ಅಲ್ಲಿಗೆ ನಿಲ್ಲಿಸಿ. ಮದುವೆಯವರು ಎಷ್ಟು ಅವಸರ ಮಾಡಿದರು, ನಿಮಗೆ ಎಷ್ಟು ಕಷ್ಟವಾಯಿತು ಎಂಬ ವಿವರಣೆ ಬೇಡ. ವಿವರಣೆ ಶುರುವಾದರೆ ಅವಳೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ.

ಇನ್ನು ಆ ಫೋನು. ಇವತ್ತೇ ಇನ್ನೊಂದು ಸಾದಾ ಫೋನ್ ತೆಗೆದುಕೊಳ್ಳಿ. ಅದರ ನಂಬರ್ ಶಾಲೆಗೆ, ಪತಿಗೆ, ಮಕ್ಕಳಿಗೆ, ತವರಿಗೆ ಮಾತ್ರ ಗೊತ್ತಿರಲಿ. ಅದು ರಿಂಗಾದರೆ ಕೈಯಲ್ಲಿ ಹಿಟ್ಟಿದ್ದರೂ ಎತ್ತುವುದು. ಶಾಲೆಯ ದಾಖಲೆಯಲ್ಲಿ ಪತಿಯ ನಂಬರನ್ನೂ, ಓಣಿಯ ಆ ಪರಿಚಯದವರ ನಂಬರನ್ನೂ ಬರೆಸಿ. ಇದಕ್ಕೆ ಅರ್ಧ ದಿನ ಸಾಕು.

ಶಾಲೆಯವರು ನಿಮಗೇ ಮೂರು ಸಲ ಮಾಡಿದ್ದಾರೆ, ತಂದೆಗೆ ಒಮ್ಮೆಯೂ ಮಾಡಿದಂತೆ ಕಾಣುವುದಿಲ್ಲ. ನಿಮ್ಮ ಪತ್ರದಲ್ಲಿ ಈ ಬಗ್ಗೆ ಒಂದು ಮಾತೂ ಇಲ್ಲ. ರಾತ್ರಿ ಪಾಳಿಗೆ ಹೋದ ಕಂಡಕ್ಟರನ್ನು ಮಕ್ಕಳನ್ನು ಬಿಟ್ಟು ಬಂದೆಯಾ ಎಂದು ಯಾರೂ ಕೇಳುವುದಿಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ನೀವು ಈ ಐದು ತಾಸಿನ ಹತ್ತಿರದ ಕೆಲಸವನ್ನು ಹಾಗೇ ಇಟ್ಟುಕೊಂಡು ಅದರ ಮೇಲೆ ಒಂದು ಉದ್ಯೋಗ ನಡೆಸುತ್ತಿದ್ದೀರಿ. ತಪ್ಪಿತಸ್ಥೆ ಎಂಬ ಭಾವನೆಯನ್ನು ಅಷ್ಟರ ಮಟ್ಟಿಗೆ ಇಳಿಸಿ.

ಆದರೂ ನಿಮ್ಮ ಪತಿಯ ಮಾತನ್ನು ಹಟ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಪಾಳಿ ಮುಗಿಸಿ ಬಂದರೆ ಪಡಸಾಲೆ ತುಂಬ ರಟ್ಟಿನ ಪೆಟ್ಟಿಗೆ, ಹಿತ್ತಲಲ್ಲಿ ಏಳು ಜನ ಪರರು, ಅಡುಗೆಮನೆಯಲ್ಲಿ ಗಿರಾಕಿಯ ಚಟ್ನಿ. ಮೈಚಾಚಲು ಅವರಿಗೆ ಸ್ವಂತ ಮನೆಯಲ್ಲಿ ಜಾಗವಿಲ್ಲ. 'ಬಂದ್ ಮಾಡು' ಎನ್ನುವವರು ಎಷ್ಟೋ ಸಲ ಕೇಳುತ್ತಿರುವುದು ಇಷ್ಟೇ: ಪಡಸಾಲೆ ಖಾಲಿ ಮಾಡು, ರಾತ್ರಿ ಊಟಕ್ಕೆ ನನ್ನ ಜೊತೆ ಕೂರು. ಇದನ್ನು ಅವರನ್ನೇ ಕೇಳಿ ಖಚಿತ ಮಾಡಿಕೊಳ್ಳಿ. ಹೌದು ಎಂದರೆ ಹತ್ತಿರದಲ್ಲೇ ಒಂದು ಸಣ್ಣ ಖೋಲಿ ಬಾಡಿಗೆಗೆ ಹಿಡಿಯಿರಿ. 12 ಲಕ್ಷದ ಶೆಡ್ ಅದಕ್ಕೆ ಬೇಡ. ಪ್ಯಾಕಿಂಗೂ ಪೆಟ್ಟಿಗೆಗಳೂ ಮನೆಯಿಂದ ಹೊರಗೆ ಹೋದರೆ ಮೊದಲ ವಾರದಲ್ಲೇ ಮನೆ ಬೇರೆಯಾಗಿ ಕಾಣುತ್ತದೆ.

ಈಗ ಉದ್ಯೋಗದ ಮಾತು. ನೀವು ಮಾರುತ್ತಿರುವುದು ಖಡಕ್ ರೊಟ್ಟಿ. ಇಡ್ಲಿ ಹೋಟೆಲಿನವರಿಗೆ ಇವತ್ತಿನದು ಇವತ್ತೇ ಹೋಗಬೇಕು. ನಿಮ್ಮ ರೊಟ್ಟಿ ಚೆನ್ನಾಗಿ ಒಣಗಿ ಗಾಳಿಯಾಡದಂತೆ ಕಟ್ಟಿಟ್ಟರೆ ವಾರಗಟ್ಟಲೆ ಇರುತ್ತದೆ, ಮಳೆಗಾಲದಲ್ಲಷ್ಟೇ ಮೆತ್ತಗಾಗದಂತೆ ಜಾಸ್ತಿ ಜೋಪಾನ ಬೇಕು. ಹಿಂದಿನವರು ಜಾತ್ರೆಗೆ, ದೂರದ ಪಯಣಕ್ಕೆ ಗಂಟು ಕಟ್ಟಿಕೊಂಡು ಹೋಗುತ್ತಿದ್ದುದು ಇದೇ ಕಾರಣಕ್ಕೆ. ಅಂದಮೇಲೆ ರಾತ್ರಿ ಹತ್ತಕ್ಕೆ ಬಂದ ಆರ್ಡರಿಗೆ ಬೆಳಗಿನ ನಾಲ್ಕೂವರೆಗೆ ಒಲೆ ಹಚ್ಚಬೇಕು ಎಂಬ ನಿಯಮ ಎಲ್ಲಿಂದ ಬಂತು? ಒಬ್ಬರೇ ಇದ್ದಾಗ, ಒಂದು ಗಿರಾಕಿಯೂ ಕೈಬಿಡಬಾರದು ಎಂಬ ಭಯದಲ್ಲಿ ನೀವೇ ಮಾಡಿಕೊಂಡದ್ದು. ಆಗ ಅದು ಸರಿ ಇತ್ತು. ಈಗ ಆ ಭಯದ ಕಾಲ ಮುಗಿದಿದೆ.

ನಾಲ್ಕೈದು ದಿನದ ಮಾಲು ಸದಾ ಮುಂಗಡವಾಗಿ ಇರಲಿ. ಆರ್ಡರ್ ಸಂಜೆ ಆರಕ್ಕೆ ಮುಗಿಯಲಿ, ಆಮೇಲೆ ಬಂದದ್ದಕ್ಕೆ ಮರುದಿನ ಉತ್ತರ. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಸಮಯ ಹಾಕಿಟ್ಟರೆ ಈ ಮಾತನ್ನು ಅದೇ ಹೇಳುತ್ತದೆ, ನೀವು ಮುಜುಗರ ಪಡಬೇಕಿಲ್ಲ. ಕೆಲವು ಗಿರಾಕಿಗಳು ಹೋಗುತ್ತಾರೆ, ಹೋಗಲಿ. ಎಳ್ಳಮಾವಾಸ್ಯೆ, ಸಂಕ್ರಾಂತಿ, ಬನಶಂಕರಿ ಜಾತ್ರೆ ಒಂದರ ಹಿಂದೆ ಒಂದು ಬರುತ್ತವೆ, ಸಜ್ಜಿ ರೊಟ್ಟಿಗೆ ಆಗ ಕೈಗೆ ಬಿಡುವಿರುವುದಿಲ್ಲ ಎಂದು ಬರೆದಿದ್ದೀರಿ. ಆ ಹೊತ್ತಿನಲ್ಲಿ ಹೆಚ್ಚು ದುಡಿಯಿರಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಫೆಬ್ರುವರಿ, ಮಾರ್ಚ್‌ನಲ್ಲಿ ಮದುವೆ ಆರ್ಡರ್ ಹಿಡಿಯಬೇಡಿ. ಮಗಳ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ರಾತ್ರಿ ಅವಳು ಓದುವಾಗ ನೀವು ಮನೆಯಲ್ಲಿ, ಫೋನಿಲ್ಲದೆ ಇರಬೇಕು.

ವಾರಕ್ಕೊಂದು ದಿನ ಒಲೆ ಹಚ್ಚಬೇಡಿ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಕೆಲಸಗಾರರಿಗೆ ವಾರದ ರಜೆ ಕೊಡಬೇಕು ಎನ್ನುತ್ತದೆ. ಮಾಲೀಕರಿಗೆ ರಜೆ ಕೊಡಿಸುವ ಕಾನೂನು ಯಾವುದೂ ಇಲ್ಲ. ಆ ಏಳು ಮನೆಯ ಹೆಣ್ಣುಮಕ್ಕಳಿಗೂ ನಿಮ್ಮಂತೆಯೇ ಮಕ್ಕಳಿದ್ದಾರೆ. ಅವರಿಗೆ ರಜೆ ಕೊಟ್ಟ ದಿನ ನೀವು ಒಬ್ಬರೇ ಒಲೆ ಮುಂದೆ ಕೂರಬೇಡಿ.

ಇದೆಲ್ಲ ಆಗಬೇಕಾದರೆ ನೀವು ಬಿಟ್ಟುಕೊಡಬೇಕಾದದ್ದು ಒಂದಿದೆ, ಅದೇ ಎಲ್ಲಕ್ಕಿಂತ ಕಷ್ಟದ್ದು. ಎಸರಿನ ಹದ ನಿಮಗೇ ಗೊತ್ತು, ಉಪ್ಪಿನ ಅಳತೆ ನಿಮಗೇ ಗೊತ್ತು, ಯಾರ ಬಾಕಿ ಎಷ್ಟು ಎಂಬುದು ನಿಮ್ಮ ತಲೆಯಲ್ಲೇ ಇದೆ. ನೀವಿಲ್ಲದೆ ಒಂದು ತಾಸೂ ನಡೆಯದ ಉದ್ಯೋಗ ನಿಮ್ಮ ಮಗಳ ಜ್ವರಕ್ಕೆ ಬಿಡುವು ಹೇಗೆ ಕೊಟ್ಟೀತು? 1959ರಲ್ಲಿ ಮುಂಬೈಯ ಗಿರ್ಗಾಂವ್‌ನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಮಾಡಲು ಕೂತರು. ಅದೇ ಇವತ್ತಿನ ಲಿಜ್ಜತ್ ಹಪ್ಪಳ. ಅಲ್ಲಿ ಹಿಟ್ಟು ನಾದುವುದು ಶಾಖೆಯಲ್ಲಿ. ಸದಸ್ಯೆಯರು ಬೆಳಿಗ್ಗೆ ಹಿಟ್ಟು ಒಯ್ದು ತಮ್ಮ ಮನೆಯಲ್ಲಿ ಲಟ್ಟಿಸಿ ಒಣಗಿಸುತ್ತಾರೆ, ಮರುದಿನ ತಂದೊಪ್ಪಿಸುತ್ತಾರೆ. ತೂಕ, ರುಚಿ ನೋಡುವುದು ಶಾಖೆಯ ಕೆಲಸ. ಮನೆ ನೋಡಿಕೊಳ್ಳುತ್ತಲೇ ಗಳಿಸಲು ಸಾವಿರಾರು ಹೆಂಗಸರಿಗೆ ಆದದ್ದು ಈ ಹಂಚಿಕೆಯಿಂದ. ಜೋಳದ ಹಿಟ್ಟು ನಾದಿ ಕಳಿಸಲು ಬರುವುದಿಲ್ಲ, ನಿಜ. ಬೀಸಿದ ಹಿಟ್ಟನ್ನು ತೂಗಿ ಕೊಡಬಹುದು. ಏಳು ಜನರಲ್ಲಿ ಮೂವರು ತಮ್ಮ ಮನೆಯಲ್ಲೇ ಬಡಿದು ತಂದರೂ ನಿಮ್ಮ ಹಿತ್ತಲು ಅರ್ಧ ಹಗುರಾಗುತ್ತದೆ.

ಆರು ವರ್ಷದಿಂದ ನಿಮ್ಮ ಜೊತೆಗಿರುವ ಹಿರಿಯ ಹೆಣ್ಣುಮಗಳ ಬಗ್ಗೆ ಮೆಚ್ಚುಗೆಯಿಂದ ಬರೆದಿದ್ದೀರಿ. ಒಲೆಯ ಉಸ್ತುವಾರಿ ಅವರಿಗೆ ಕೊಡಿ, ಪಗಾರವನ್ನೂ ಅದಕ್ಕೆ ತಕ್ಕಂತೆ ಏರಿಸಿ. ಅಳತೆಗಳನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ. ಮೊದಮೊದಲು ಒಂದೆರಡು ದಿನದ ರೊಟ್ಟಿ ಕೆಡುತ್ತದೆ. ಆ ನಷ್ಟ ನುಂಗಿಕೊಳ್ಳಿ, ಮತ್ತೆ ಓಡಿಹೋಗಿ ಎಸರಿಗೆ ಕೈ ಹಾಕಬೇಡಿ. ಚಟ್ನಿಯ ರುಚಿ ನೋಡುವ ಕೆಲಸವನ್ನು ನಿಮ್ಮ ಅತ್ತೆಯವರಿಗೆ ಒಪ್ಪಿಸಬಹುದೇ ಎಂದೂ ಯೋಚಿಸಿ. ಆ ಕೈರುಚಿ ಅವರಿಂದ ಕಲಿತದ್ದು ಎಂದು ನೀವೇ ಬರೆದಿದ್ದೀರಿ.

ಲೆಕ್ಕವನ್ನು ಪತಿಗೆ ಕೊಡಿ. ಪಾಳಿ ಮುಗಿದ ಮೇಲೆ ಟಿಕೆಟ್ಟಿಗೂ ನಗದಿಗೂ ತಾಳೆ ನೋಡಿ ಡಿಪೊದಲ್ಲಿ ಕಟ್ಟಿ ಬರುವ ಮನುಷ್ಯ ಅವರು, ನಿಮ್ಮ ಮನೆಯಲ್ಲಿ ಈ ಕೆಲಸಕ್ಕೆ ಅವರಿಗಿಂತ ಪಳಗಿದವರಿಲ್ಲ. ಈಗ ಮನೆಯ ಖರ್ಚೂ ಉದ್ಯೋಗದ ಗಳಿಕೆಯೂ ನಿಮ್ಮ ಒಂದೇ ಖಾತೆಯಲ್ಲಿ ಕಲಸಿಹೋಗಿವೆ. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ಯಾವುದು ವ್ಯಾಪಾರದ್ದು, ಯಾವುದು ಕೈಗಡ ಎಂದು ಬಿಡಿಸಿ ತೋರಿಸಲಾಗದೆ ಎಷ್ಟೋ ಜನ ಕಂಗಾಲಾದರು. ಉದ್ಯೋಗಕ್ಕೆ ಬೇರೆ ಖಾತೆ, ಬೇರೆ ಕ್ಯೂಆರ್ ಮಾಡಿಸಿ. ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ ದಾಟುವ ಸೂಚನೆ ಇದ್ದರೆ ಜಿಎಸ್‌ಟಿ ಬಗ್ಗೆ ಲೆಕ್ಕಿಗರನ್ನು ಕೇಳಿ. ಆ ಖಾತೆಯಿಂದ ಪ್ರತಿ ತಿಂಗಳು ನಿಮಗೆ ನೀವೇ ಪಗಾರ ಹಾಕಿಕೊಳ್ಳಿ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಹಾಕಿಕೊಂಡಿಲ್ಲ ಎಂಬುದನ್ನು ಓದಿ ನನಗೆ ಬೇಸರವಾಯಿತು.

ಇನ್ನು ಬೆಂಗಳೂರಿನ ಅಂಗಡಿ. ಕಿರು ಆಹಾರ ಘಟಕಗಳಿಗಿರುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಹಾಯಧನ ಶೇ 35, ಮಿತಿ 10 ಲಕ್ಷ. ಅದು ಕೈಗೆ ಬರುವ ಹಣವಲ್ಲ. ಸಾಲದ ಖಾತೆಯ ಜೊತೆಗೇ ಇದ್ದು, ಮೂರು ವರ್ಷ ಘಟಕ ನಡೆದು ಕಂತು ಸರಿಯಾಗಿ ಕಟ್ಟಿದ ಮೇಲೆ ಸಾಲಕ್ಕೆ ಹೊಂದಿಕೆಯಾಗುತ್ತದೆ. ಎಸ್ಸೆಸ್ಸೆಲ್ಸಿ, ಪಿಯುಸಿಯ ಎರಡು ವರ್ಷ, ನಿಮ್ಮ ಮಗಳ ಮುಂದಿರುವುದೂ ಅದೇ ಮೂರು ವರ್ಷ. ಆ ಕಾಲವನ್ನು ಬ್ಯಾಂಕಿಗೆ ಬರೆದುಕೊಡುವ ಮೊದಲು, ನೀವಿಲ್ಲದ ದಿನ ಎಂಟುನೂರು ರೊಟ್ಟಿ ಸರಿಯಾಗಿ ಹೋಗುತ್ತದೆಯೇ ಎಂದು ನೋಡಿಕೊಳ್ಳಿ. ಅದು ಆಗದೆ ಎರಡು ಸಾವಿರಕ್ಕೆ ಕೈ ಹಾಕಿದರೆ ಎಲ್ಲ ಭಾರವೂ ಮತ್ತೆ ನಿಮ್ಮ ಮೇಲೆಯೇ ಬೀಳುತ್ತದೆ.

ಅವರಿಗೆ ಇಲ್ಲ ಎನ್ನಬೇಕಿಲ್ಲ. ಏಪ್ರಿಲ್ ನಂತರ ದಿನಕ್ಕೆ ಇನ್ನೂರು ರೊಟ್ಟಿಯಿಂದ ಶುರು ಮಾಡೋಣ, ವಾರಕ್ಕೆರಡು ಸಲ ಕಳಿಸುತ್ತೇನೆ ಎಂದು ಹೇಳಿ. ಎರಡು ತಿಂಗಳ ಉದ್ದರಿಗೆ ಒಪ್ಪಬೇಡಿ. ಸಣ್ಣ ಉದ್ಯೋಗಗಳಿಗಾಗಿ ಸರ್ಕಾರ ಮಾಡುವ 'ಉದ್ಯಮ್' ನೋಂದಣಿಯನ್ನು ನೀವು ಮಾಡಿಸಿದ್ದರೆ 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯಂತೆ, ಒಪ್ಪಂದದಲ್ಲಿ ಏನೇ ಇದ್ದರೂ ಕೊಳ್ಳುವವರು 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ. ಮಾಡಿಸಿಲ್ಲವಾದರೆ ಅದಕ್ಕೆ ಶುಲ್ಕವಿಲ್ಲ, ಈ ವಾರವೇ ಮಾಡಿಸಿ. ಇಷ್ಟಕ್ಕೆ ಅವರು ಬೇರೆಯವರನ್ನು ಹುಡುಕಿಕೊಂಡರೆ ಹುಡುಕಿಕೊಳ್ಳಲಿ. ಒಳ್ಳೆಯ ರೊಟ್ಟಿ ಕೇಳುವವರು ಮುಂದಿನ ವರ್ಷವೂ ಇರುತ್ತಾರೆ.

ಬೆಂಗಳೂರಿಗೆ ಉತ್ತರ ಕೊಡುವ ಮೊದಲು, ಪತಿಯ ವಾರದ ರಜೆಯ ದಿನ ಮಕ್ಕಳನ್ನೂ ಅತ್ತೆಯವರನ್ನೂ ಕೂರಿಸಿಕೊಂಡು ಈ ಮಾತನ್ನೆಲ್ಲ ಮನೆಯಲ್ಲಿ ಆಡಿ. ಮಗಳು ಏನು ಕೇಳಿದಳು, ಲೆಕ್ಕದ ಪುಸ್ತಕಕ್ಕೆ ಪತಿ ಒಪ್ಪಿದರೇ, ನನಗೆ ಬರೆಯಿರಿ. ಅವರು ಒಪ್ಪದಿದ್ದರೂ ಬರೆಯಿರಿ, ಆಗ ಬೇರೆ ದಾರಿ ಯೋಚಿಸೋಣ.