ಗ್ಲಿಸರಿನ್ ಇರುವಾಗ ಪೆಂಟಾ ಯಾಕೆ?

ಪ್ರಶ್ನೆ: ಎನಾಮಲ್ ಪೇಂಟಿನ ರೆಸಿನ್‌ಗೆ (ಬಣ್ಣದ ಪದರ ಕಟ್ಟುವ ಅಂಟಿಗೆ) ಪೆಂಟಾಎರಿಥ್ರಿಟಾಲ್ ಹಾಕುತ್ತಾರೆ ಎಂದು ಓದಿದೆ. ಅದು ಸಕ್ಕರೆ ಜಾತಿಯದೇ? ಗ್ಲಿಸರಿನ್ ಸಾಲದೇ? ಸಿಡಿಮದ್ದಿಗೂ ಅದೇ ಬೇಕಂತೆ, ಹೌದೇ?

ಉತ್ತರ: ನೋಡಲು ಸಕ್ಕರೆ ಪುಡಿಯ ಹಾಗೇ ಇದೆ. ಬಿಳಿ, ವಾಸನೆ ಇಲ್ಲ. ಆದರೆ ಸಕ್ಕರೆಯಲ್ಲ, ಆಲ್ಕೊಹಾಲ್ ಗುಂಪಿನದು. ಫಾರ್ಮಾಲ್ಡಿಹೈಡ್, ಅಸಿಟಾಲ್ಡಿಹೈಡ್ ಎರಡನ್ನೂ ಕ್ಷಾರದ ಜೊತೆ ಸೇರಿಸಿ ಮಾಡುತ್ತಾರೆ. ರೆಸಿನ್ ಬೇಯಿಸುವ ಕೆಟಲ್ ಪಕ್ಕ ವರ್ಷಗಟ್ಟಲೆ ನಿಂತ ನಮಗೆ ಅದು ಬರೀ ‘ಪೆಂಟಾ’. ತಣ್ಣೀರಿಗೆ ಹಾಕಿ ಕಲಕಿದರೆ ಜಾಸ್ತಿ ಪಾಲು ತಳದಲ್ಲೇ ಕೂರುತ್ತದೆ, ಬಿಸಿನೀರಿನಲ್ಲಿ ಕರಗುತ್ತದೆ. ನೀರಿಲ್ಲದೆ ಪುಡಿಯೇ ಕಾದು ದ್ರವವಾಗಲು ಸುಮಾರು 260 ಡಿಗ್ರಿ ಸೆಲ್ಸಿಯಸ್ ಬೇಕು.

ಗುಟ್ಟು ಇರುವುದು ಅದರ ಕೈಗಳಲ್ಲಿ. ನಡುವೆ ಒಂದು ಕಾರ್ಬನ್, ಅದರ ನಾಲ್ಕೂ ಕಡೆ ಒಂದೊಂದು ಹೈಡ್ರಾಕ್ಸಿಲ್ ಕೈ, ಅಂದರೆ ಆಮ್ಲದ ಅಣುವನ್ನು ಹಿಡಿದುಕೊಳ್ಳುವ ಜಾಗ. ನಾಲ್ಕೂ ಚುರುಕು. ಗ್ಲಿಸರಿನ್‌ಗೆ ಮೂರೇ ಕೈ, ಅದರಲ್ಲೂ ನಡುವಿನದು ಸ್ವಲ್ಪ ಸೋಮಾರಿ. ಹಾಗಾಗಿ ಪೆಂಟಾ ಹಾಕಿದ ಆಲ್ಕಿಡ್ ರೆಸಿನ್‌ನ (ಎಣ್ಣೆ, ಇಂಥ ಆಲ್ಕೊಹಾಲ್, ಆಮ್ಲ ಸೇರಿಸಿ ಬೇಯಿಸಿದ ರೆಸಿನ್) ಬಣ್ಣ ಬೇಗ ಒಣಗುತ್ತದೆ, ಪದರ ಗಟ್ಟಿ, ಹೊಳಪೂ ಚೆನ್ನಾಗಿರುತ್ತದೆ.

ಈ ರೆಸಿನ್ ಮಾಡುವಾಗ ಮೊದಲು ಎಣ್ಣೆಯ ಜೊತೆ ಪೆಂಟಾವನ್ನು 240 ಡಿಗ್ರಿ ಆಸುಪಾಸಿನಲ್ಲಿ ಬೇಯಿಸುತ್ತೇವೆ. ಹದ ಬಂತೋ ಇಲ್ಲವೋ ನೋಡಲು ಒಂದಿಷ್ಟು ತೆಗೆದು ಮೆಥನಾಲ್‌ಗೆ ಬೆರೆಸಬೇಕು. ಮಜ್ಜಿಗೆ ನೀರಿನ ಹಾಗೆ ಕದಡಿದರೆ ಇನ್ನೂ ಬೇಯಬೇಕು; ತಿಳಿಯಾದರೆ ಥಾಲಿಕ್ ಅನ್‌ಹೈಡ್ರೈಡ್ ಎಂಬ ಆಮ್ಲ ಜಾತಿಯ ವಸ್ತು ಹಾಕುವ ಸಮಯ.

ಚುರುಕುತನ ಜಾಸ್ತಿಯಾದರೂ ಕಷ್ಟ. ಹೊಸದರಲ್ಲಿ ನಾನು ಗ್ಲಿಸರಿನ್ ಲೆಕ್ಕದಲ್ಲೇ, ಎಣ್ಣೆ ಹೆಚ್ಚಿಸದೆ, ಸುಮ್ನೆ ಪೆಂಟಾ ಸುರಿಸಿದ್ದೆ. ಮಧ್ಯಾಹ್ನದವರೆಗೆ ಜೇನಿನಂತಿದ್ದದ್ದು ನೋಡನೋಡುತ್ತ ಜೆಲ್ ಆಯಿತು, ಕಲಕುವ ಮೋಟಾರ್ ನರಳಿ ನಿಂತೇಬಿಟ್ಟಿತು. ಕೆಟಲ್‌ನಲ್ಲಿ ಕಾಸ್ಟಿಕ್ ಸೋಡಾ ನೀರು ಕುದಿಸಿದರೂ ಪೂರ್ತಿ ಬಿಡಲಿಲ್ಲ. ಕೊನೆಗೆ ಉಳಿ, ಸುತ್ತಿಗೆಯೇ ಗತಿ. ಅದಕ್ಕೇ ಪೆಂಟಾ ಎಣ್ಣೆ ಹೆಚ್ಚಿರುವ ಆಲ್ಕಿಡ್‌ಗೆ ಹೊಂದುತ್ತದೆ ಎನ್ನುವುದು.

ಬೇರೆ ಕಡೆಯೂ ಇದಕ್ಕೆ ಕೆಲಸವಿದೆ. ರಾಳದ ಜೊತೆ ಸೇರಿ ಅಂಟಿಗೆ, ಮುದ್ರಣದ ಶಾಯಿಗೆ ಹೋಗುತ್ತದೆ. ಇದು ಆಮ್ಲದ ಜೊತೆ ಸೇರಿ ಆಗುವ ಎಸ್ಟರ್‌ಗಳು ಬಿಸಿ ತಾಳುವುದರಿಂದ ಜೆಟ್ ಎಂಜಿನ್ ಆಯಿಲ್ ಆಗುತ್ತವೆ. ನನಗೆ ಇಷ್ಟವಾದದ್ದು ಬೆಂಕಿ ತಡೆಯುವ ಪೇಂಟ್: ಉರಿ ತಾಗಿದಾಗ ಪೆಂಟಾ ಇದ್ದಿಲಾಗುತ್ತದೆ, ಪದರ ಹಪ್ಪಳದ ಹಾಗೆ ಉಬ್ಬಿ ಒಳಗಿನ ಉಕ್ಕನ್ನು ಕಾಯುತ್ತದೆ.

ಸಿಡಿಮದ್ದಿನ ಮಾತು ನಿಜ. ಪಿಇಟಿಎನ್ ಎಂಬ ಸಿಡಿಮದ್ದು ಪೆಂಟಾದ ನೈಟ್ರೇಟ್. ಆದರೆ ಚೀಲದಲ್ಲಿರುವ ಪೆಂಟಾ ಸಿಡಿಮದ್ದಲ್ಲ. ಅದನ್ನು ಸುರಿಯುವಾಗ ಏಳುವ ಸಣ್ಣ ಧೂಳಿಗೆ ಮಾತ್ರ ಹೆದರಬೇಕು, ಗಾಳಿಯಲ್ಲಿ ದಟ್ಟವಾಗಿದ್ದಾಗ ಒಂದು ಕಿಡಿ ಬಿದ್ದರೂ ಭುಗ್ ಎನ್ನುತ್ತದೆ.